ದರ್ಜಿ ಮಾಸ್ತರರು ಇಳಿಸಿದ ಶ್ರುತಿ

ದರ್ಜಿ ಮಾಸ್ತರರ ಕೈಯಲ್ಲಿ ಸೂಜಿದಾರ ಕಂಡವರು ಯಾರೂ ಇಲ್ಲ. ತಮ್ಮ ಅಂಗಿಯ ಗುಂಡಿ ಕಿತ್ತುಬಂದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೆಂಡತಿಗೆ ಬಿಡುವಾಗುವ ತನಕ ಕಾಯುವ ಪೈಕಿ ಅವರು. ಆದರೂ ಆ ಹೆಸರು ಅವರಿಗೆ ಸುಮ್ಮನೆ ಅಂಟಿದ್ದಲ್ಲ. ಊರಿನ ಯಾವುದಾದರೂ ಮಂಡಳಿ ಹಾಡಿನ ನಾಟಕಕ್ಕೆ ಆಡಿಷನ್ ಕರೆಯಿತೆಂದರೆ ಸಾಕು, ಹಾಡಲು ಬರುವವರು, ಬರುತ್ತದೆಂದು ತಿಳಿದವರು, ಎಲ್ಲರೂ ಲಾಂಡ್ರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಆಡಿಷನ್ನಿನಲ್ಲಿ ಯಾವ ಹಾಡು ಹಾಡಿದರೆ ಪಾತ್ರ ಸಿಕ್ಕೀತು ಎಂದು ಕೇಳಲು. ಮಾಸ್ತರರು ಗಂಟಲಿನ ಅಳತೆ ತೆಗೆದು ಹಾಡು ಹೊಂದಿಸಿ ಕೊಡುತ್ತಿದ್ದರು. ಅದಕ್ಕೇ ದರ್ಜಿ.

ಅಳತೆ ತೆಗೆಯುವುದಕ್ಕೆ ಅವರದೇ ಒಂದು ಕ್ರಮವಿತ್ತು. ಬಂದವರನ್ನು ಮೊದಲು ಹಾಡಿಸುತ್ತಿರಲಿಲ್ಲ, ಮಾತಾಡಿಸುತ್ತಿದ್ದರು. ಬಸ್ಸು ಸಿಕ್ಕಿತಾ, ಮನೆಯಲ್ಲಿ ಯಾರ್ಯಾರು, ಅತ್ತೆಗೂ ನಿಮಗೂ ಹೇಗೆ ಎಂದೆಲ್ಲ ವಿಚಾರಿಸಿ, ಮನುಷ್ಯ ಮೈಮರೆತು ಮಾತಾಡುವಾಗ ಧ್ವನಿ ಎಲ್ಲಿ ಆರಾಮವಾಗಿ ಕೂತಿದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಕೀಬೋರ್ಡು. ಬೆರಳು ಒತ್ತುವ ಒಂದೊಂದು ಪಟ್ಟಿಯನ್ನೂ ನಾಟಕದವರು ಮನೆ ಎನ್ನುತ್ತಾರೆ. ಒಂದೊಂದೇ ಮನೆ ಒತ್ತುತ್ತ ಮೇಲಕ್ಕೆ, ಗಂಟಲು ಸಾಕು ಎನ್ನುವ ತನಕ. ಮತ್ತೆ ಕೆಳಕ್ಕೆ, ಬರೀ ಗಾಳಿ ಉಳಿಯುವ ತನಕ. ಅಷ್ಟಾದ ಮೇಲೆ ತೀರ್ಪು. ಅದರಲ್ಲಿ ದಾಕ್ಷಿಣ್ಯವೇ ಇರುತ್ತಿರಲಿಲ್ಲ. ಪಾರಿವಾಳದ ಕತ್ತಿನ ಬ್ಯಾಂಕ್ ಗುಮಾಸ್ತನೊಬ್ಬ ಸೇನಾಪತಿಯ ಗುಡುಗಿನ ಹಾಡೇ ಬೇಕೆಂದು ಹಟ ಹಿಡಿದಾಗ, ಅದು ನಿಮ್ಮಣ್ಣನ ಅಂಗಿ ಸ್ವಾಮಿ, ನೀವು ಹಾಕ್ಕೊಂಡ್ರೆ ತೋಳು ನೆಲ ಗುಡಿಸುತ್ತೆ ಎಂದು ಹೇಳಿ, ಒಂದು ತಮಾಷೆಯ ಹಾಡು ಕೈಗಿಟ್ಟು ಕಳಿಸಿದ್ದರು. ಗುಮಾಸ್ತ ಮುಖ ಊದಿಸಿಕೊಂಡು ಇಳಿದುಹೋದ. ಪಾತ್ರ ಸಿಕ್ಕ ಮೇಲೆ ಅದೇ ಮೆಟ್ಟಿಲು ಹತ್ತಿ ಬಂದು ಕೈಮುಗಿದ.

ಇದ್ದ ಬಟ್ಟೆಯಲ್ಲೇ ಹೊಲಿಯಬೇಕು ಅನ್ನುವುದು ಅವರ ಮಂತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಕಾಲಿಗಲ್ಲ, ಗಂಟಲಿಗೆ ಅಂತಲೂ ಸೇರಿಸುತ್ತಿದ್ದರು. ಊರಿಗೆಲ್ಲ ಮುಖದ ಮೇಲೆ ಹೊಡೆದ ಹಾಗೆ ನಿಜ ಹೇಳುವ ಈ ಮನುಷ್ಯ ಒಬ್ಬರಿಗೆ ಮಾತ್ರ ಸುಳ್ಳು ಹೇಳಿದರು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇಂಥದಕ್ಕೇ ಇರಬೇಕು. ಆ ಸುಳ್ಳು ಬಹಳ ಸಣ್ಣದು, ಉದ್ದದ ಮಾತೂ ಅಲ್ಲ. ಬರೀ ಒಂದು "ಹೂಂ."

ಅದನ್ನು ಹೇಳಿಸಿಕೊಂಡವಳು ಅವರ ಹೆಂಡತಿ. ಒಂದು ಕಾಲಕ್ಕೆ ಆಕೆ ದೋಣಿ ನಾಟಕದ ನಾಯಕಿ. ದೋಣಿ ನಾಟಕ ಎಂದರೆ ಅಜ್ಜಂದಿರ ಕಾಲದಿಂದ ಬಂದ ಹಾಡಿನ ನಾಟಕ. ನದಿ ದಾಟಿಸುವ ಅಂಬಿಗನ ಮಗಳು, ಗಂಡ ಮುಳುಗಿದ ಮೇಲೆ ತಾನೇ ಹುಟ್ಟು ಹಿಡಿಯುವ ಅವಳ ತಾಯಿ, ಇವರಿಬ್ಬರ ಕಥೆ. ಊರಿನಲ್ಲಿ ಅದರ ಒಂದಾದರೂ ಹಾಡು ಬಾರದವರಿಲ್ಲ. ಆಗ ಮಾಸ್ತರರು ವೇದಿಕೆಯ ಕೆಳಗಿನ ತಗ್ಗಿನಲ್ಲಿ ಕೂತು ಪಿಯಾನೊ ನುಡಿಸುತ್ತಿದ್ದರು. ಅಲ್ಲಿಂದ ಕತ್ತೆತ್ತಿದರೆ ಕಾಣುತ್ತಿದ್ದದ್ದು ನಾಯಕಿಯ ಪಾದಗಳು ಮಾತ್ರ. ನಾನು ಪಾದ ನೋಡಿ ಮನಸ್ಸು ಕೊಟ್ಟವನು, ಮುಖ ಕಂಡದ್ದು ಆಮೇಲೆ ಎಂದು ಅವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು, ಹೆಂಡತಿ ಒಳಗಿನಿಂದಲೇ ಸಾಕು ಬಿಡಿ ಎನ್ನುತ್ತಿದ್ದಳು.

ಹಾಗೆ ಇದ್ದ ಮನೆಗೆ ಒಂದು ಗಂಟು ಬಂತು. ಆಕೆಯ ಕತ್ತಿನಲ್ಲಿ, ಮೊದಲು ಕಡಲೆಯಷ್ಟು. ಡಾಕ್ಟರು ಕುಯ್ದು ತೆಗೆದರು. ಹೆದರುವಂಥದ್ದೇನೂ ಅಲ್ಲವೆಂದು ಗೊತ್ತಾಯಿತು. ಗಂಟು ಹೋಯಿತು, ಜೀವ ಉಳಿಯಿತು, ಧ್ವನಿ ಹೋಯಿತು. ತಿಂಗಳುಗಟ್ಟಲೆ ಪಿಸುಮಾತು. ಬರಬರುತ್ತ ಮಾತೇನೋ ಮರಳಿತು, ಸ್ವಲ್ಪ ಒರಟಾಗಿ. ಆಗ ಡಾಕ್ಟರು ಮಾಸ್ತರರನ್ನು ಆಸ್ಪತ್ರೆಯ ಕಾರಿಡಾರಿಗೆ ಕರೆದು, ಮೇಲಿನ ಧ್ವನಿ ಇನ್ನು ಬರುವುದಿಲ್ಲ, ನರಕ್ಕೆ ಪೆಟ್ಟಾಗಿದೆ, ನಾನು ಹೇಳುವುದಕ್ಕಿಂತ ನಿಮ್ಮ ಬಾಯಿಂದ ಬಂದರೆ ಆಕೆ ತಡೆದುಕೊಂಡಾರು ಎಂದರು. ಮಾಸ್ತರರು ತಲೆಯಾಡಿಸಿದರು. ಮನೆಗೆ ಬಂದು ಆಕೆಯ ಮುಖ ನೋಡಿದರು. ನಾಳೆ ಹೇಳೋಣ ಎಂದುಕೊಂಡರು. ಅವರ ಆ ನಾಳೆ ಎಲ್ಲರ ನಾಳೆಯ ಹಾಗೆ ಮುಂದೆ ಮುಂದೆ ಹೋಯಿತು.

ಆಕೆ ತನ್ನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಒಂದು ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ರೇಡಿಯೊ ಹಾಕಬೇಡಿ ಎಂದಳು. ನಕ್ಕರೆ ಕೆಮ್ಮು ಬರುತ್ತದೆಂದು ನಗುವುದನ್ನೂ ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ಹೆಸರು ಹಿಡಿದು ಕೂಗಿದಂತೆ ರೀ ಎನ್ನುತ್ತಿದ್ದವಳು ಈಗ ಮೇಜಿನ ಮೇಲೆ ಬೆರಳಿನಿಂದ ಟಕಟಕ ಬಡಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಊರಿನ ಕಾಗೆ ಗೂಬೆಗಳೆಲ್ಲ ಹಾಡಿ ಹೋಗುತ್ತಿದ್ದವು, ಹಿಂದಿನ ಕೋಣೆಯಲ್ಲಿ ಈಕೆ ಬಟ್ಟೆ ಮಡಚುತ್ತ ಕೂತಿರುತ್ತಿದ್ದಳು. ಆ ಟಕಟಕ ಕೇಳಿದಾಗಲೆಲ್ಲ ಮಾಸ್ತರರಿಗೆ ಎದೆಯ ಮೇಲೆ ಯಾರೋ ಬಡಿದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಕೊನೆಯ ಗಿರಾಕಿ ಇಳಿದುಹೋದ ಮೇಲೆ ಆಕೆ ಮುಂದಿನ ಕೋಣೆಗೆ ಧೂಳು ಒರೆಸಲು ಬಂದಳು. ಮಾಸ್ತರರು ಸುಮ್ಮನೆ ಬೆರಳಾಡಿಸುತ್ತಿದ್ದರು. ಆಕೆಯ ಗಂಟಲಿನಿಂದ, ಆಕೆಗೇ ಗೊತ್ತಿಲ್ಲದೆ, ಗುಂಯ್ ಎಂದು ಒಂದು ಎಳೆ ಬಂತು. ಅವರ ಕೀಬೋರ್ಡಿನಲ್ಲಿ ಒಂದು ಬಟನ್ ಇತ್ತು. ಅದನ್ನು ಒಂದು ಸಲ ಒತ್ತಿದರೆ ಇಡೀ ಕೀಬೋರ್ಡಿನ ಶ್ರುತಿ ಒಂದು ಮನೆ ಕೆಳಗಿಳಿಯುತ್ತದೆ, ಸ್ವಿಚ್ಚು ಆರಿಸಿ ಹಾಕಿದರೂ ಹಾಗೇ ಇರುತ್ತದೆ. ಬೆರಳು ಆಡುವ ಜಾಗ ಅದೇ, ಕೇಳುವ ಸ್ವರ ಮಾತ್ರ ಕೆಳಗಿನದು. ಮಾಸ್ತರರ ಎಡಗೈ ಆ ಬಟನ್ನನ್ನು ನಾಲ್ಕು ಸಲ ಒತ್ತಿತು. ಒತ್ತಿದ್ದು ನಾನಲ್ಲ, ಕೈ ಎಂದು ಅವರು ಆಮೇಲೆ ತಮಗೆ ತಾವೇ ಎಷ್ಟೋ ಸಲ ಹೇಳಿಕೊಂಡರು. ಬಲಗೈ ಕಿಟಕಿ ಹಾಡಿನ ಮೊದಲ ಸಾಲು ಎತ್ತಿತು. ಬೇರೆ ಯಾವುದೋ ನಾಟಕದಲ್ಲಿ ಆಕೆ ಹಾಡಿ ಹೆಸರು ಗಳಿಸಿದ್ದ ಹಾಡು ಅದು, ಕೊನೆಯಲ್ಲಿ ಮೇಲೆ ಹೋಗಿ ನಿಲ್ಲುವ ಒಂದು ಉದ್ದನೆಯ ಸ್ವರ ಉಂಟು.

ಆಕೆ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಹಾಡಿದಳು. ಕಣ್ಣು ಗಂಡನ ಬೆರಳುಗಳ ಮೇಲೆ. ಬೆರಳು ಯಾವ ಮನೆಯ ಮೇಲೆ ಎಷ್ಟು ವರ್ಷ ಆಡಿತ್ತೋ ಅಲ್ಲೇ ಆಡುತ್ತಿತ್ತು. ಕೊನೆಯ ಸ್ವರಕ್ಕೆ ಬಂದಳು, ಏರಿದಳು, ನಿಂತಳು. ಮುಗಿದ ಮೇಲೆ ಮೆಲ್ಲಗೆ ಕೇಳಿದಳು.

"ಇದು ನಮ್ಮ ಹಳೇ ಶ್ರುತೀನಾ?"

"ಹೂಂ."

ಆಕೆ ನೆಲದ ಮೇಲೆ ಕೂತುಬಿಟ್ಟಳು. ಒರೆಸುವ ಬಟ್ಟೆಯಿಂದಲೇ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತ ನಕ್ಕಳು, ನಕ್ಕರೆ ಕೆಮ್ಮು ಬಂತು, ಅದಕ್ಕೂ ನಕ್ಕಳು. ಆ ಮುಖ ನೋಡಿದ ಮೇಲೆ ಯಾವ ಗಂಡ ಬಾಯಿ ಬಿಟ್ಟಾನು, ನೀವೇ ಹೇಳಿ. ಆಕೆ ಮುಖ ತೊಳೆಯಲು ಹೋದಾಗ ಮಾಸ್ತರರು ಕೀಬೋರ್ಡಿನ ಪುಟ್ಟ ಗಾಜಿನ ಮೇಲೆ, ಶ್ರುತಿ ಎಷ್ಟು ಇಳಿದಿದೆ ಎಂದು ಅಂಕಿ ತೋರಿಸುವ ಜಾಗಕ್ಕೆ, ಒಂದು ತುಂಡು ಕಪ್ಪು ಟೇಪು ಅಂಟಿಸಿದರು. ಅದರ ಲೈಟು ಕೆಟ್ಟಿದೆ, ಕಣ್ಣಿಗೆ ಚುಚ್ಚುತ್ತೆ ಎಂದರು. ಹೂಂ ಮೊದಲನೆಯ ಸುಳ್ಳಾದರೆ ಇದು ಎರಡನೆಯದು. ಸುಳ್ಳು ಒಂಟಿಯಾಗಿ ಬಾಳುವುದಿಲ್ಲ.

ಅಲ್ಲಿಂದ ಮನೆಗೆ ಜೀವ ಬಂತು. ದಿನಾ ಸಂಜೆ ಕಿಟಕಿ ಹಾಡು. ಟಕಟಕ ನಿಂತು ಮತ್ತೆ ರೀ ಬಂತು. ಅಟ್ಟದ ಗೋಣಿಯನ್ನು ಮಾತ್ರ ಆಕೆ ಇಳಿಸಲಿಲ್ಲ, ಮತ್ತೆ ವೇದಿಕೆ ಹತ್ತಿದ ಮೇಲೆ ಇಳಿಸುತ್ತೇನೆ ಎಂದಳು. ಮಾಸ್ತರರಿಗೆ ಆ ಮಾತು ಕೇಳಿ ಸ್ವಲ್ಪ ಪುಕಪುಕ ಎನ್ನಿಸಿತು. ಆದರೆ ನಾಲ್ಕು ಗೋಡೆಯೊಳಗಿನ ಹಾಡು, ಯಾರಿಗೆ ಏನು ನಷ್ಟ ಎಂದು ಸಮಾಧಾನ ಮಾಡಿಕೊಂಡರು. ಬೇಕಾದ ಸಮಾಧಾನ ಹುಡುಕುವುದರಲ್ಲಿ ಮನುಷ್ಯನಷ್ಟು ಜಾಣ ಪ್ರಾಣಿ ಇನ್ನೊಂದಿಲ್ಲ.

ದೋಣಿ ನಾಟಕವನ್ನು ಮತ್ತೆ ಆಡುತ್ತಾರಂತೆ ಎಂಬ ಸುದ್ದಿ ಬಂದದ್ದು ಆಗ. ಆಡಿಷನ್ನಿಗೆ ಎಲ್ಲರೂ ಎರಡು ಹಾಡು ತರಬೇಕು, ಒಂದು ನಿಧಾನದ್ದು, ಒಂದು ಚುರುಕಿನದು. ಅದೇ ನಾಟಕದ ಹಾಡು ಕೂಡದು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಾಸ್ತರರ ನಾದಿನಿ ಫೋನಿನಲ್ಲಿ ಅಕ್ಕನ ಹಾಡು ಕೇಳಿ ಗೊಳೋ ಎಂದು ಅತ್ತವಳು, ಯಾರನ್ನೂ ಕೇಳದೆ ತಾಯಿಯ ಪಾತ್ರಕ್ಕೆ ಅಕ್ಕನ ಹೆಸರು ಕೊಟ್ಟು ಬಂದಳು. ಭಾವ, ನೀವು ಏನಾದ್ರೂ ಅಡ್ಡ ಮಾತು ಆಡಿದ್ರೆ ನಾನು ನಿಮ್ಮ ಮನೆ ಮೆಟ್ಟಿಲು ತುಳಿಯಲ್ಲ ಎಂದು ಹೆದರಿಸಿಯೂ ಇಟ್ಟಳು. ಬೇರೆ ದಿನವಾಗಿದ್ದರೆ ಮಾಸ್ತರರು, ಬಹಳ ಉಪಕಾರವಾಯ್ತಮ್ಮ ಎಂದು ಗೇಲಿ ಮಾಡುತ್ತಿದ್ದರು. ಅವತ್ತು ಅವರ ಕಣ್ಣು ಕೀಬೋರ್ಡಿನ ಕಪ್ಪು ಟೇಪಿನ ಮೇಲೆ ಹೋಯಿತು.

ಮಂಡಳಿಯ ಸಭಾಂಗಣದಲ್ಲಿರುವುದು ನಿಜವಾದ ಪಿಯಾನೊ. ಅದಕ್ಕೆ ಬಟನ್ ಇಲ್ಲ.

ಬೆಂಚಿನ ಮೇಲೆ ತಾಯಿಯ ಪಾತ್ರಕ್ಕೆ ಆಸೆಪಟ್ಟ ಹೆಂಗಸರು ಸಾಲುಗಟ್ಟಿದರು. ಮಾಸ್ತರರು ಅವರಿಗೆಲ್ಲ ಎಂದಿನಂತೆ ಅಳತೆ ತೆಗೆದು ತಗ್ಗಿನ ಹಾಡುಗಳನ್ನೇ ಕೊಟ್ಟರು. ಗಂಡ ಸತ್ತ ಅಂಬಿಗಿತ್ತಿ ಕಿರುಚುವುದಿಲ್ಲ ತಾಯಿ, ಎದೆಯಿಂದ ಹಾಡುತ್ತಾಳೆ ಎಂದರು. ಊರಿನವರಿಗೆಲ್ಲ ಸರಿಯಾದ ಹಾಡು ಸಿಕ್ಕಿತು. ಅವರ ಹೆಂಡತಿ ಮಾತ್ರ, ಹಿಂದಿನ ಕೋಣೆಯಲ್ಲಿ, ಕಿಟಕಿ ಹಾಡನ್ನೇ ಹಿಡಿದು ಕೂತಿದ್ದಳು.

ಅವರು ಬಿಡಿಸಲು ನೋಡಲಿಲ್ಲವೆಂದಲ್ಲ. ತಾಯಿಗೆ ಹೊಂದುವ ಹಾಡು ಎಂದು ಒಂದನ್ನು ತಂದರು, ಅದು ಜೋಗುಳ, ನಿದ್ದೆ ಬರುತ್ತೆ ಎಂದಳು. ಇನ್ನೊಂದು ತಂದರು, ಇದು ಧ್ವನಿ ಇಲ್ಲದವರ ಹಾಡು ಎಂದಳು. ಮೂರನೆಯದನ್ನು ನುಡಿಸುವ ಮೊದಲೇ ಆಕೆ ಕೀಬೋರ್ಡಿನ ಮೇಲೆ ಕೈಯಿಟ್ಟು ತಡೆದಳು.

"ಊರಿಗೆಲ್ಲ ನಿಜ ಹೇಳ್ತೀರಿ. ನನಗೂ ಹೇಳಿ. ನಾನು ಆ ಹಾಡು ಹಾಡಬಲ್ಲೆನೋ, ಇಲ್ವೋ?"

ದೇವರು ಕೊಡುವ ಅವಕಾಶ ಇದಕ್ಕಿಂತ ನೇರವಾಗಿ ಇರುವುದಿಲ್ಲ. ಬಾಯಿ ತೆರೆದರೆ ಸಾಕಿತ್ತು. ಮಾಸ್ತರರು ಬಾಯಿ ತೆರೆದರು.

"ಹಾಡ್ತೀಯ. ನಿನ್ನ ಬಿಟ್ರೆ ಯಾರು ಹಾಡ್ತಾರೆ."

"ಹಾಗಾದ್ರೆ ಯಾಕೆ ಹೆದರ್ತೀರಿ? ಹಾಡೋಳು ನಾನು" ಎಂದು ಆಕೆ ನಕ್ಕು, ಅವರ ಕಾಲರು ಸರಿಮಾಡಿ ಒಳಗೆ ಹೋದಳು.

ಅಂದಿನಿಂದ ಮಾಸ್ತರರದು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಮಗೇ ಜ್ವರ ಬರಬಾರದೇ, ಮೆಟ್ಟಿಲಲ್ಲಿ ಜಾರಿ ಕಾಲು ಮುರಿಯಬಾರದೇ, ಮಂಡಳಿಯವರೇ ಜಗಳವಾಡಿಕೊಂಡು ನಾಟಕ ನಿಲ್ಲಬಾರದೇ ಎಂದೆಲ್ಲ ಬೇಡಿಕೊಂಡರು. ಒಂದು ಮಧ್ಯಾಹ್ನ ಆಕೆ ಮಲಗಿದ್ದಾಗ, ಹೊರಗೆ ಚಳಿಗಾಳಿ ಬೀಸುತ್ತಿತ್ತು, ತಲೆದಿಂಬಿನ ಕಡೆಯ ಕಿಟಕಿಯನ್ನು ಹೋಗಿ ತೆರೆದಿಟ್ಟರು. ಒಂದು ನೆಗಡಿ ಬಂದರೆ ಸಾಕು, ಆಡಿಷನ್ ತಪ್ಪುತ್ತದೆ. ಗಾಳಿ ಬಂದು ಆಕೆಯ ಕೂದಲು ಅಲುಗಿತು. ಆಕೆ ನಿದ್ದೆಯಲ್ಲೇ ಕೈ ಎತ್ತಿ ಕತ್ತಿನ ಗಾಯದ ಗುರುತನ್ನು ಮುಚ್ಚಿಕೊಂಡಳು. ಮಾಸ್ತರರು ಕಿಟಕಿ ಮುಚ್ಚಿ, ಚಿಲಕ ಹಾಕಿ, ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ತಾನು ಎಂಥ ಮನುಷ್ಯನಾದೆ ಎಂದು ಅವರಿಗೇ ಅಸಹ್ಯವಾಯಿತು.

ಸಭಾಂಗಣದ ಮ್ಯಾನೇಜರನನ್ನು ಕಂಡು, ಪಿಯಾನೊ ಬದಲು ನಮ್ಮ ಕೀಬೋರ್ಡನ್ನೇ ತಂದಿಡಲೇ ಎಂದು ಕೇಳಿದರು. ಹೊಸದಾಗಿ ಶ್ರುತಿ ಮಾಡಿಸಿದ್ದೇವೆ, ಆನೆ ಕೊಟ್ಟು ಕುರಿ ತರೋದಾ ಮಾಸ್ತರೇ ಎಂದು ಆತ ನಕ್ಕ. ಹೋಗಲಿ, ಪಿಯಾನೊ ತಾವೇ ನುಡಿಸಿದರೆ ಕೈಯಲ್ಲೇ ನಾಲ್ಕು ಮನೆ ಇಳಿಸಿ ನುಡಿಸಬಹುದಿತ್ತು. ಅದೂ ಆಗದು: ಮನೆಯವರು ಹಾಡುವಾಗ ಮನೆಯವರು ನುಡಿಸಬಾರದು ಎಂದು ಮಂಡಳಿಯಲ್ಲಿ ಹಿಂದೆ ನಿಯಮ ಮಾಡಿಸಿದ್ದೇ ಈ ಮಹಾನುಭಾವರು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಹೀಗೆ.

ಹಾಗಾಗಿ ಆಕೆಗೆ ನುಡಿಸುವ ಸರದಿ ಅವರ ಹಳೆಯ ಶಿಷ್ಯೆಯೊಬ್ಬಳಿಗೆ ಬಿತ್ತು. ಶಾಲೆಯಲ್ಲಿ ಸಂಗೀತ ಕಲಿಸುವ ಟೀಚರು. ಮಾಸ್ತರರು ಅವಳ ಶಾಲೆಗೇ ಹೋದರು. ಊಟದ ಹೊತ್ತು, ಮಕ್ಕಳ ಗಲಾಟೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ಡಬ್ಬಿ ತೊಳೆಯುವ ನಲ್ಲಿಯ ಪಕ್ಕ ನಿಂತು, ಶಿಷ್ಯೆಯ ಕಿವಿಯ ಹತ್ತಿರ ಬಾಯಿಟ್ಟು, ಎಲ್ಲವನ್ನೂ ಒದರಿದರು. ನಾಲ್ಕು ಮನೆ ಇಳಿಸಿ ನುಡಿಸು ಎಂದು ಬೇಡಿದರು.

ಟೀಚರು ಮೊದಲು ಕೇಳಿದ್ದು ಒಂದೇ. "ಅಕ್ಕನಿಗೆ ಗೊತ್ತಾ?"

ಮಾಸ್ತರರು ಇಲ್ಲವೆಂದು ತಲೆಯಲ್ಲಾಡಿಸಿದರು.

"ಮೇಷ್ಟ್ರೇ, ಹಾಡೋರಿಗೆ ಹೇಳದೆ ಶ್ರುತಿ ಮುಟ್ಟೋದು ಪಾಪ ಅಂತ ನನಗೆ ಕಲಿಸಿದ್ದು ನೀವು."

ತಲೆಗೂದಲು ನೆರೆತ ಗುರು ಮಕ್ಕಳ ಮುಂದೆ ಕಣ್ಣೊರೆಸಿಕೊಳ್ಳುತ್ತ ನಿಂತದ್ದನ್ನು ನೋಡಲಾರದೆ ಅವಳು, ಆಯ್ತು, ಈ ಒಂದು ಸಲ ಎಂದಳು. ಮಾಸ್ತರರು ಅವಳ ಕೈ ಹಿಡಿದುಕೊಂಡರು. ವಾಪಸು ಬರುವಾಗ ದಾರಿಯಲ್ಲಿ ಅವರಿಗೆ ಹೊಳೆದದ್ದು ಬೇರೆಯೇ: ಗೆದ್ದರೂ ಮುಂದೇನು? ತಾಲೀಮಿಗೆ ಯಾವ ಶ್ರುತಿ? ಆ ಯೋಚನೆಯನ್ನು ಅವರು ಅಲ್ಲೇ ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದರು, ಅದು ಹಿಂದೆಯೇ ನಡೆದು ಮನೆಗೆ ಬಂತು.

ಆಡಿಷನ್ನಿನ ದಿನ ಆಕೆ ಕತ್ತಿಗೆ ತೆಳುವಾದ ನೀಲಿ ಬಟ್ಟೆ ಸುತ್ತಿಕೊಂಡಳು. ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡು, ಹೆಸರು ಕೂಗುವುದನ್ನು ಕಾಯುತ್ತ, ಬಿಸಿನೀರು ಗುಟುಕರಿಸುತ್ತ ಕೂತವಳ ಮುಖದಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ಪಕ್ಕದಲ್ಲಿ ಕೂತ ಗಂಡನ ಮೊಣಕಾಲು ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಿತ್ತು. ಏನ್ರೀ, ಆಡಿಷನ್ ನನಗೋ ನಿಮಗೋ ಎಂದು ಆಕೆ ಅದರ ಮೇಲೆ ಕೈಯಿಟ್ಟು ನಿಲ್ಲಿಸಿದಳು.

ಒಳಗೆ ಕರೆದ ಮೇಲೆ ಮಾಸ್ತರರು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟರು. ಉದ್ದನೆಯ ಮೇಜಿನ ಹಿಂದೆ ನಿರ್ದೇಶಕಿ ಮತ್ತು ಮಂಡಳಿಯ ಹಿರಿಯರು. ಮನೆಯಲ್ಲಾದರೆ ಆಕೆ ಗಂಡನ ಬೆರಳು ನೋಡುತ್ತ ಹಾಡುವವಳು. ಇಲ್ಲಿ ಪಿಯಾನೊ ಬೆನ್ನ ಹಿಂದೆ. ಅದು ಒಳ್ಳೆಯದೇ ಆಯಿತು ಎಂದುಕೊಂಡರು. ಚುರುಕಿನ ಹಾಡು ಮೇಲೆ ಏರುವಂಥದ್ದಲ್ಲ, ಸರಾಗವಾಗಿ ಮುಗಿಯಿತು. ಆಮೇಲೆ ಕಿಟಕಿ ಹಾಡು. ಟೀಚರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಒರಟಾದ, ಬೆಚ್ಚಗಿನ, ಸ್ವಲ್ಪ ಸವೆದ ಆ ಧ್ವನಿ ಸಭಾಂಗಣದ ಕೊನೆಯ ಕುರ್ಚಿಯ ತನಕ ಹೋಯಿತು. ಕೊನೆಯ ಸ್ವರಕ್ಕೆ ಏರಿ ನಿಂತಿತು. ಮೇಜಿನ ಹಿಂದಿನ ಒಬ್ಬರು ಪೆನ್ನು ಕೆಳಗಿಟ್ಟರು. ಮಾಸ್ತರರು ಬಾಗಿಲಿಗೆ ಹಣೆ ಆನಿಸಿ ಕಣ್ಣು ಮುಚ್ಚಿದರು. ಪಾರಾದೆ ಎಂದುಕೊಂಡರು.

ನಿರ್ದೇಶಕಿ ಒಳ್ಳೆಯ ಹೆಂಗಸು. ಹೊಗಳಬೇಕೆಂದೇ ಬಾಯಿ ತೆರೆದಳು.

"ಬಹಳ ಚೆನ್ನಾಗಿತ್ತು. ತಾಯಿ ಪಾತ್ರಕ್ಕೆ ನಾವು ಹುಡುಕ್ತಾ ಇದ್ದದ್ದು ಇಂಥ ತಗ್ಗಿನ ಧ್ವನೀನೇ. ಎಲ್ರೂ ಈ ಹಾಡನ್ನ ಮೇಲೇ ಹಾಡಿ ಕೆಡಿಸ್ತಾರೆ, ನೀವು ನಾಲ್ಕು ಮನೆ ಇಳಿಸ್ಕೊಂಡಿದ್ದು ಜಾಣತನ."

ಆಕೆ ಮುಗುಳ್ನಕ್ಕಳು. "ಇಳಿಸಿಲ್ಲ ಮೇಡಂ. ಇದು ಹಳೇ ಶ್ರುತಿ. ನಾನು ಯಾವಾಗ್ಲೂ ಹಾಡ್ತಿದ್ದದ್ದು."

ತಮಾಷೆ ಎಂದುಕೊಂಡು ಮೇಜಿನ ಹಿಂದೆ ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಆಕೆ ಹಿಂದೆ ತಿರುಗಿ, ಹಳೇ ಶ್ರುತಿಯಲ್ಲೇ ತಾನೇ ನುಡಿಸಿದ್ದು ಎಂದು ಟೀಚರನ್ನು ಕೇಳಿದಳು. ಟೀಚರು ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಆಮೇಲೆ ಅವಳ ಕಣ್ಣು, ಬೇಡವೆಂದರೂ, ಬಾಗಿಲ ಕಡೆ ಹೋಯಿತು. ಆ ಕಣ್ಣಿನ ಜಾಡು ಹಿಡಿದು ಆಕೆಯ ಕಣ್ಣೂ ಬಾಗಿಲ ಸಂದಿಗೆ ಬಂತು. ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು.

"ಹಳೇ ಶ್ರುತೀಲಿ ನುಡಿಸಮ್ಮ" ಎಂದಳು ಆಕೆ.

ಬೇಡ, ಅಗತ್ಯವಿಲ್ಲ ಎಂದು ನಿರ್ದೇಶಕಿ ಹೇಳುತ್ತಿದ್ದಳು. ಆಕೆ ಕೇಳಿಸಿಕೊಳ್ಳಲಿಲ್ಲ. ಟೀಚರು ನುಡಿಸಿದಳು. ಮೊದಲ ಸಾಲುಗಳು ಹೇಗೋ ಬಂದವು. ಹಾಡು ಏರತೊಡಗಿದಾಗ ಧ್ವನಿ ಹರಿಯಿತು, ಹಳೆಯ ಬಟ್ಟೆಯನ್ನು ಎಳೆದ ಹಾಗೆ. ಆಕೆ ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಅದೇ ಸಾಲಿನಿಂದ ಎತ್ತಿದಳು. ಮತ್ತೆ ಹರಿಯಿತು. ಇನ್ನೊಮ್ಮೆ ಎತ್ತಿದಾಗ ಸ್ವರವೇ ಬರಲಿಲ್ಲ, ಬರೀ ಗಾಳಿ. ಸಭಾಂಗಣದಲ್ಲಿದ್ದವರೆಲ್ಲ ನೆಲ ನೋಡಿದರು. ಬಾಗಿಲ ಹಿಂದೆ ಮಾಸ್ತರರು ತಮ್ಮ ಬಾಯಿಗೆ ತಾವೇ ಮುಷ್ಟಿ ತುರುಕಿಕೊಂಡು ನಿಂತಿದ್ದರು.

ನಿರ್ದೇಶಕಿ ಎದ್ದು ಬಂದು ಆಕೆಯ ಭುಜ ಹಿಡಿದು, ನಮಗೆ ಬೇಕಾದದ್ದು ಮೊದಲು ಹಾಡಿದ ಧ್ವನಿ, ಎರಡನೇ ಸುತ್ತಿಗೆ ಖಂಡಿತ ಬನ್ನಿ, ಆದರೆ ಬೇರೆ ಹಾಡು ತನ್ನಿ, ನಿಮ್ಮ ಧ್ವನಿಗೆ ಸರಿಯಾದದ್ದು ಎಂದಳು. ಆಕೆ ಸರಿ ಎಂದಳು. ನೀಲಿ ಬಟ್ಟೆ ಬಿಗಿಮಾಡಿಕೊಂಡು ಹೊರಗೆ ಬಂದು, ಗಂಡನನ್ನು ದಾಟಿ, ಬೀದಿಗೆ ಇಳಿದಳು. ಮಾಸ್ತರರು ಹಿಂದೆ ಹಿಂದೆ ನಡೆದರು. ಎಷ್ಟು ಸಲ ಕರೆದರೂ ಆಕೆ ತಿರುಗಲಿಲ್ಲ.

ಮನೆಗೆ ಬಂದವಳು ಮೊದಲು ಕೀಬೋರ್ಡಿನ ಸ್ವಿಚ್ಚು ಹಾಕಿ ಕಪ್ಪು ಟೇಪಿನ ಅಂಚನ್ನು ಉಗುರಿನಿಂದ ಎಬ್ಬಿಸಿ ಕಿತ್ತಳು. ಲೈಟು ಕೆಟ್ಟಿರಲಿಲ್ಲ. ನಾಲ್ಕು ಎಂದು ಚೊಕ್ಕವಾಗಿ ಉರಿಯುತ್ತಿತ್ತು. ಆಕೆ ಅದನ್ನು ನೋಡುತ್ತ ನಿಂತಳು.

"ಇಷ್ಟು ದಿನ ಸಂಜೆ ಸಂಜೆ ನಾನು ಹಾಡ್ತಿದ್ರೆ, ನೀವು ಅಯ್ಯೋ ಪಾಪ ಅಂತ ಕೂತಿರ್ತಿದ್ರಾ?"

ಇಲ್ಲ, ಹಾಗಲ್ಲ, ನಿನ್ನ ಮುಖ ನೋಡಿ ಎಂದು ಮಾಸ್ತರರು ಏನೇನೋ ತೊದಲಿದರು. ಆಕೆ ಟೇಪಿನ ತುಂಡನ್ನು ಅವರ ಅಂಗೈಯಲ್ಲಿಟ್ಟು ಒಳಗೆ ಹೋದಳು. ಆಮೇಲೆ ಆ ಮನೆಯಲ್ಲಿ ಮಾತಿಲ್ಲ. ಟಕಟಕವೂ ಇಲ್ಲ. ತಟ್ಟೆಗೆ ಬಡಿಸಿಟ್ಟು ಹೋಗುತ್ತಿದ್ದಳು, ನೋಡಿದಾಗ ಉಣ್ಣಬೇಕು. ನಾದಿನಿ ಫೋನು ಮಾಡಿ, ಭಾವ ಹೇಗಾಯ್ತು ಎಂದರೆ, ಅಕ್ಕನನ್ನೇ ಕೇಳು ಎಂದರು; ಅಕ್ಕ ಫೋನು ಮುಟ್ಟಲಿಲ್ಲ. ಹೆಂಡತಿಯ ಧ್ವನಿ ಹೋದಾಗ ಪಟ್ಟ ಸಂಕಟಕ್ಕಿಂತ ಇದು ದೊಡ್ಡದು ಎಂದು ಮಾಸ್ತರರಿಗೆ ಅರ್ಥವಾಯಿತು. ಆಗ ಕಳೆದಿದ್ದು ಗಂಟಲು, ಈಗ ಆಕೆಯೇ.

ಎರಡನೇ ಸುತ್ತು ಹತ್ತಿರ ಬಂತು. ಬೆಂಚು ಮತ್ತೆ ತುಂಬಿತು. ಮಾಸ್ತರರು ಒಳಗೆ ಕೂತು, ಜೀವವಿಲ್ಲದ ಕೈಯಿಂದ ಒಬ್ಬೊಬ್ಬರ ಅಳತೆ ತೆಗೆದು ಕಳಿಸುತ್ತಿದ್ದರು. ಮುಂದಿನವರು ಬನ್ನಿ ಎಂದು ಕೂಗಿದಾಗ ಬಾಗಿಲು ತಳ್ಳಿಕೊಂಡು ಬಂದವಳು ಅವರ ಹೆಂಡತಿ. ಒಳಗಿನ ಬಾಗಿಲಿನಿಂದಲ್ಲ. ಹಿಂಬಾಗಿಲಿನಿಂದ ಇಳಿದು, ಲಾಂಡ್ರಿಯ ಪಕ್ಕದ ಮೆಟ್ಟಿಲು ಹತ್ತಿ, ಸರದಿಯಲ್ಲಿ ಕೂತು ಬಂದಿದ್ದಳು. ಕತ್ತಿನಲ್ಲಿ ನೀಲಿ ಬಟ್ಟೆ ಇರಲಿಲ್ಲ, ಗಾಯದ ಗುರುತು ಬೆಳಕಿಗೆ ತೆರೆದಿತ್ತು. ಗಿರಾಕಿಗಳ ಕುರ್ಚಿಯಲ್ಲಿ ಕೂತು, ಅಳತೆ ತಗೊಳ್ಳಿ ಎಂದಳು.

ಮಾಸ್ತರರಿಗೆ ದಿಕ್ಕು ತೋಚಲಿಲ್ಲ. ತೋಚದಾಗ ಬಾಯಿ ತನಗೆ ಗೊತ್ತಿದ್ದನ್ನೇ ಹೇಳಿತು.

"ಬಸ್ಸು ಸಿಕ್ಕಿತಾ?"

"ನಡ್ಕೊಂಡೇ ಬಂದೆ. ಹತ್ರಾನೇ."

"ಮನೇಲಿ ಯಾರ್ಯಾರು?"

"ನಾನು, ನನ್ನ ಗಂಡ. ಒಳ್ಳೇ ಮನುಷ್ಯ. ನಂಬೋ ಹಾಗಿಲ್ಲ."

ಮಾಸ್ತರರ ಕಣ್ಣು ತುಂಬಿ ಕೀಬೋರ್ಡಿನ ಮನೆಗಳು ಮಸುಕಾದವು. ಒರೆಸಿಕೊಂಡು ಒಂದೊಂದೇ ಒತ್ತಿದರು. ಆಕೆ ಒಂದೊಂದನ್ನೂ ಹಾಡುತ್ತ ಮೇಲಕ್ಕೆ ಬಂದಳು. ಒಂದು ಕಡೆ ಬಂದು ಧ್ವನಿ ನಿಂತಿತು. ಮುಂದಿನ ಮನೆ ಒತ್ತಿದರು, ಗಾಳಿ ಬಂತು. ಇನ್ನೊಮ್ಮೆ ಒತ್ತಿದರು, ಗಾಳಿಯೇ. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೇಳಿ" ಎಂದಳು ಆಕೆ. "ಎಲ್ರಿಗೂ ಹೇಳೋ ಹಾಗೆ."

"ಇಲ್ಲಿಗೆ ಮುಗೀತು. ಇದರ ಮೇಲೆ ಇಲ್ಲ. ಬರೋದೂ ಇಲ್ಲ." ಅವರ ಧ್ವನಿಯೂ ಒಡೆಯುತ್ತಿತ್ತು. "ಡಾಕ್ಟರು ಅವತ್ತೇ ಹೇಳಿದ್ರು. ನಾನು ನಿನಗೆ ಹೇಳಲಿಲ್ಲ."

"ಅವತ್ತೇನಾ?"

"ಅವತ್ತೇ."

ಹೊರಗೆ ಬೆಂಚಿನ ಮೇಲೆ ಯಾರೋ ತಮ್ಮ ಹಾಡನ್ನು ಗುನುಗಿಕೊಳ್ಳುತ್ತಿದ್ದರು, ಕೆಳಗೆ ಲಾಂಡ್ರಿಯ ಇಸ್ತ್ರಿ ಬುಸ್ಸೆನ್ನುತ್ತಿತ್ತು. ಆಕೆ ಅಳಲಿಲ್ಲ. ಆ ಸುದ್ದಿಯನ್ನು ಆಕೆಯ ಗಂಟಲು ಯಾವತ್ತೋ ಹೇಳಿತ್ತೇನೋ, ಮನುಷ್ಯರ ಬಾಯಿಂದ ಕೇಳಿದ್ದು ಇದೇ ಮೊದಲು. ಕೊನೆಗೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಸರಿ. ಇದ್ದ ಬಟ್ಟೇಲಿ ಏನು ಬರುತ್ತೋ ಹೊಲೀರಿ."

ಮಾಸ್ತರರು ಯೋಚಿಸಲೇ ಇಲ್ಲ. ಆಕೆ ಜೋಗುಳ ಎಂದು ಬದಿಗೆ ತಳ್ಳಿದ್ದ ಆ ಮೊದಲ ಹಾಡನ್ನೇ ಎತ್ತಿದರು. ಆದರೆ ಆಕೆ ಕೈ ಅಡ್ಡ ಹಿಡಿದಳು. ಕುರ್ಚಿಯಿಂದ ಅರ್ಧ ಎದ್ದು, ಬಗ್ಗಿ, ಟೇಪಿನ ಅಂಟು ಇನ್ನೂ ಉಳಿದಿದ್ದ ಆ ಪುಟ್ಟ ಗಾಜಿನಲ್ಲಿ ಸೊನ್ನೆ ಇದೆಯೇ ಎಂದು ನೋಡಿದಳು. ಇತ್ತು. ಆಮೇಲೆ ಹಾಡಿದಳು.

ಪಾತ್ರ ಸಿಕ್ಕಿತು. ನಾಟಕ ತುಂಬಿದ ಸಭೆಯ ಮುಂದೆ ನಡೆಯಿತು, ಅಂಬಿಗಿತ್ತಿ ಎದೆಯಿಂದ ಹಾಡುವಾಗ ಜನ ಮೂಗು ಒರೆಸಿಕೊಂಡರು, ಅಟ್ಟದ ಗೋಣಿಯೂ ಕೆಳಗಿಳಿಯಿತು. ಮನೆಗೆ ಮಾತು ಮರಳಿತು, ರೀ ಮರಳಿತು, ನಗುವೂ ಕೆಮ್ಮಿನ ಜೊತೆಯಲ್ಲೇ ಮರಳಿತು. ದಿನಾ ಸಂಜೆ ಮಾಸ್ತರರು ಕೀಬೋರ್ಡಿನ ಮುಂದೆ ಕೂರುತ್ತಾರೆ, ಆಕೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಹಾಡು ಎತ್ತುವ ಮೊದಲು, ಇವತ್ತಿಗೂ, ಒಂದು ಮಾತೂ ಆಡದೆ ಬಗ್ಗಿ ಆ ಅಂಕಿಯನ್ನು ನೋಡುತ್ತಾಳೆ. ಮಾಸ್ತರರು ಅಷ್ಟು ಹೊತ್ತು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಾರೆ.